ನಲವತ್ತಕ್ಕ

ಬಂದರಿನ ಕ್ವಾರಂಟೈನ್ ಮನೆಯ ದಾದಿಗೆ ಎಲ್ಲರೂ ಇಟ್ಟ ಹೆಸರು ನಲವತ್ತಕ್ಕ. ಹಡಗಿನಿಂದ ಇಳಿದವರು ಅಳುಮೋರೆ ಹಾಕಿಕೊಂಡು ಬಂದರೆ ಸಾಕು, ಹಾಸಿಗೆ ಕೊಡವುತ್ತಲೇ ಶುರುಮಾಡುವಳು: “ಹೆದರ್ಬೇಡ್ರಪ್ಪಾ, ಕ್ವಾರಂಟೈನ್ ಅಂದ್ರೆ ರೋಗದ ಹೆಸರಲ್ಲ, ನಲವತ್ತು ಅಂತ ಅಷ್ಟೇ. ಹಿಂದೆ ವೆನಿಸ್‌ನೋರು ಹಡಗನ್ನ ನಲವತ್ತು ದಿನ ದೂರ ನಿಲ್ಲಿಸ್ತಿದ್ರಂತೆ. ನಿಮ್ಮದು ಒಂದೇ ವಾರ, ಪುಣ್ಯವಂತರು!” ಊಟ ಬಡಿಸುವಾಗಲೂ ಇದೇ, ಜ್ವರ ನೋಡುವಾಗಲೂ ಇದೇ, ಕೇಳುವವರಿಲ್ಲದಿದ್ದರೆ ನಿದ್ದೆಯಲ್ಲಿದ್ದವರನ್ನು ಎಬ್ಬಿಸಿಯಾದರೂ ಹೇಳುವಳು. ವಾರ ಮುಗಿಸಿದವರು ಹಿಂದಿರುಗಿಯೂ ನೋಡದೆ ಗೇಟು ದಾಟುವರು. ತಂಗಿಗೆ ಮಗುವಾದಾಗ ನಲವತ್ತಕ್ಕ ರಜೆ ಹಾಕಿ, ಮೈ ಕೆಂಪಾಗುವಷ್ಟು ಉಜ್ಜಿ ಸ್ನಾನಮಾಡಿ, ಹೊಸ ಬಟ್ಟೆ ತೊಟ್ಟು ಓಡಿದಳು. “ಅಕ್ಕಾ, ನೀನು ಅಲ್ಲಿಂದ ಬಂದೋಳು, ಕಿಟಕಿಯಿಂದ್ಲೇ ನೋಡ್ಬಿಡು,” ಎಂದಳು ತಂಗಿ. “ಆಗ್ಲಿ ಬಿಡೇ. ಎಷ್ಟು ದಿನ ಬಿಟ್ಟು ಎತ್ಕೊಳ್ಳಲಿ?” ತಂಗಿ ಮಗುವಿನ ಟೋಪಿ ಸರಿಮಾಡುತ್ತ ನಿಂತಳು.