ನಗಿಸುವುದರಲ್ಲಿ ಎತ್ತಿದ ಕೈ

ನಮ್ಮ ಭಾಷೆಯಲ್ಲಿ ಕಿರುತೆರೆಯ ಇತಿಹಾಸ ಬರೆದವರು ಬಹಳ ಮಂದಿಯಿಲ್ಲ. ಬರೆದ ಕೆಲವರೂ ಅದರ ಮೊದಲ ಹಾಸ್ಯ ಕಾರ್ಯಕ್ರಮದ ಪ್ರಸ್ತಾಪ ಬಂದಾಗ ನಾಯಕನಟರನ್ನು ಪುಟದ ತುಂಬ ಹೊಗಳಿ, ಕೊನೆಗೆ ‘ಪತ್ನಿಯ ಪಾತ್ರದಲ್ಲಿ ನಟಿಯೊಬ್ಬರು ಜನಪ್ರಿಯರಾಗಿದ್ದರು’ ಎಂದು ಅರ್ಧ ಸಾಲು ಸೇರಿಸಿ ಮುಂದೆ ಹೋಗುತ್ತಾರೆ. ಆ ಅರ್ಧ ಸಾಲಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ನಟನಾ ಶಾಲೆಯ ಹೊಣೆಯಿಂದ ಈ ವರ್ಷ ನಿವೃತ್ತರಾಗುತ್ತಿರುವ, ನಾಡಿಗೆಲ್ಲ ‘ಮಾತಿನಮಲ್ಲಿ’ ಎಂದೇ ಪರಿಚಿತರಾದ ನಮ್ಮ ಹಿರಿಯರು ಯಾರದೋ ಪತ್ನಿಯಾಗಿ ಆ ತೆರೆಯ ಮೇಲೆ ಇದ್ದವರಲ್ಲ. ಆ ಕಾರ್ಯಕ್ರಮದ ನಗುವೆಲ್ಲ ಅವರಿಂದ ಹುಟ್ಟುತ್ತಿತ್ತು. ಉಳಿದ ನಾವೆಲ್ಲ ಅದರ ಸುತ್ತ ನಿಂತು ಚಳಿ ಕಾಯಿಸಿಕೊಂಡವರು. ಈ ಅಭಿನಂದನಾ ಸಂಪುಟದ ಸಂಪಾದಕರು ‘ಹಳೆಯ ಕಹಿ ಬೇಡ, ಸಿಹಿ ನೆನಪುಗಳು ಸಾಕು’ ಎಂದು ವಿನಯದಿಂದ ಸೂಚಿಸಿದ್ದಾರೆ. ಅಷ್ಟೇ ವಿನಯದಿಂದ ಆ ಸೂಚನೆಯನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ಅವರ ತಂದೆ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ಅಕ್ಕತಂಗಿಯರ ದೊಡ್ಡ ಸಾಲಿನಲ್ಲಿ ಇವರು ನಡುವಿನವರು. ದೊಡ್ಡವಳಿಗೆ ಅಧಿಕಾರ, ಚಿಕ್ಕವಳಿಗೆ ಮುದ್ದು; ನಡುವಿನವಳ ಕಡೆಗೆ ಯಾರಾದರೂ ತಿರುಗಿ ನೋಡಬೇಕಾದರೆ ನಗುವಂಥದ್ದೇನನ್ನಾದರೂ ಹೇಳಲೇಬೇಕಿತ್ತು. ಹೀಗೆ ಊಟದ ಹೊತ್ತಿನಲ್ಲಿ ಸಾಣೆ ಹಿಡಿದ ನಾಲಗೆಯನ್ನು ಹೊತ್ತು ಅವರು ಸೇರಿದ್ದು ಟೆಲಿಫೋನ್ ವಿನಿಮಯ ಕೇಂದ್ರಕ್ಕೆ. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳ ಫಲಕ, ಕೈಯಲ್ಲಿ ವೈರು. ಯಾರ ಮಾತನ್ನೂ ಕೇಳಿಸಿಕೊಳ್ಳಬಾರದೆಂಬುದು ಅಲ್ಲಿಯ ನಿಯಮ. ಆದರೆ ಸಂಪರ್ಕ ಸಿಗುವ ಮೊದಲು ಜನ ಆಪರೇಟರನ್ನು ಗದರುವ ರೀತಿ, ಗೋಗರೆಯುವ ರೀತಿ, ಮೇಲಧಿಕಾರಿ ಲೈನಿಗೆ ಬಂದೊಡನೆ ದನಿಯನ್ನು ಬೆಣ್ಣೆಯಾಗಿಸುವ ರೀತಿ ಇವೆಲ್ಲ ಕಿವಿಗೆ ತಾನಾಗಿ ಬೀಳುವಂಥವು. ಬಿಡುವಿನಲ್ಲಿ ಅವನ್ನೆಲ್ಲ ಅವರು ಗೆಳತಿಯರೆದುರು ಆಡಿ ತೋರಿಸುತ್ತಿದ್ದರು. ಹಾಗೊಮ್ಮೆ ತಮ್ಮ ಮೇಲ್ವಿಚಾರಕಿಯನ್ನೇ ಆಡಿ ತೋರಿಸುತ್ತಿದ್ದಾಗ ಆಕೆ ಬೆನ್ನಹಿಂದೆ ಬಂದು ನಿಂತಿದ್ದರಂತೆ. ಇವರು ತಿರುಗಿ ನೋಡಿ, ಅದೇ ಅನುಕರಣೆಯ ದನಿಯಲ್ಲಿ “ಎಷ್ಟೊತ್ತಿಂದ ನಿಂತಿದ್ದೀರಿ? ಕೂತ್ಕೊಳ್ಳಿ, ನಿಮ್ಮ ಪಾತ್ರ ಈಗ ತಾನೇ ಶುರುವಾಯ್ತು” ಎಂದರು. ಮೇಲ್ವಿಚಾರಕಿ ಗದರಲಿಲ್ಲ, ಟೆಲಿವಿಷನ್ ಕೇಂದ್ರದಲ್ಲಿದ್ದ ತಮ್ಮ ಭಾವನಿಗೆ ಹೇಳಿ ಇವರಿಗೆ ಧ್ವನಿಪರೀಕ್ಷೆ ಕೊಡಿಸಿದರು.

ನಾನು ಅವರನ್ನು ಮೊದಲು ಕಂಡದ್ದು ಆ ಕೇಂದ್ರದಲ್ಲಿ. ಇದ್ದದ್ದು ಒಂದೇ ಸ್ಟುಡಿಯೊ. ಪ್ಲೈವುಡ್ಡಿನ ಗೋಡೆಗೆ ಬಣ್ಣ ಬಳಿದರೆ ಮನೆ, ಅದನ್ನೇ ತಿರುಗಿಸಿದರೆ ವಾರ್ತೆ ಓದುವ ಕೋಣೆ. ತಲೆಯ ಮೇಲೆ ದೀಪಗಳು ಕಾದು, ಹಚ್ಚಿದ ಬಣ್ಣ ಕತ್ತಿನವರೆಗೆ ಇಳಿಯುತ್ತಿತ್ತು. ಕಾರ್ಯಕ್ರಮವೆಲ್ಲ ನೇರಪ್ರಸಾರ, ಮಾತು ತಪ್ಪಿದರೆ ಊರಿಗೆ ಊರೇ ನೋಡುತ್ತಿತ್ತು. ನನ್ನದು ಪಕ್ಕದ ಮನೆಯ ಹುಡುಗಿಯ ಪಾತ್ರ. ಕಿಟಕಿಯಲ್ಲಿ ಇಣುಕಿ ಎರಡು ಮಾತು ಹೇಳಿ ಹೋಗಬೇಕು. ಮೊದಲ ದಿನವೇ ಆ ಎರಡೂ ಮಾತು ಮರೆತುಹೋದವು. ಕ್ಯಾಮೆರಾದ ಕೆಂಪು ದೀಪ ನನ್ನನ್ನೇ ನುಂಗುವಂತೆ ಉರಿಯುತ್ತಿತ್ತು. ಅವರು ಒಲೆಯ ಮುಂದಿನಿಂದ ತಲೆ ಎತ್ತಿ, “ಇವಳು ಹೀಗೇ ರೀ. ಬಾಯ್ತುಂಬ ಸುದ್ದಿ ತರ್ತಾಳೆ, ಕಿಟಕಿ ಹತ್ರ ಬಂದು ಎಲ್ಲಾ ಚೆಲ್ಲಿಬಿಡ್ತಾಳೆ. ಹೋಗಮ್ಮ, ಆರಿಸಿಕೊಂಡು ಬಾ” ಎಂದುಬಿಟ್ಟರು. ನಾನು ಓಡಿದೆ, ಮಾತು ನೆನಪಾಗಿ ಮರಳಿದೆ. ಮರುದಿನ ಎಲ್ಲರೂ ಹೊಗಳಿದ್ದು ನನ್ನನ್ನು! ಅದು ತಮ್ಮ ಸಮಯಸ್ಫೂರ್ತಿ ಎಂದು ಅವರು ಯಾರಿಗೂ ಹೇಳಲಿಲ್ಲ.

ಹೆಂಗಸರು ಬಣ್ಣ ಹಚ್ಚಿಕೊಳ್ಳುವ ಕೋಣೆಗೆ ಚಿಲಕವಿರಲಿಲ್ಲ. ಹಲವು ಬಾರಿ ಕೇಳಿದರೂ ‘ನೋಡೋಣ’ ಎಂಬ ಉತ್ತರವೇ ಬರುತ್ತಿತ್ತು. ಒಂದು ಮಧ್ಯಾಹ್ನ ಅವರು ನಿರ್ಮಾಪಕರ ಕೋಣೆಗೆ ಹೋಗಿ, ಅವರ ಕುರ್ಚಿಯಲ್ಲೇ ಕುಳಿತು, ಅವರ ಮೇಜಿನ ಮೇಲೆಯೇ ಕನ್ನಡಿ ನಿಲ್ಲಿಸಿ ಬಣ್ಣ ಹಚ್ಚಿಕೊಳ್ಳತೊಡಗಿದರು. “ಇಲ್ಲಿ ಚಿಲಕ ಚೆನ್ನಾಗಿದೆ” ಎಂಬುದಷ್ಟೇ ಅವರು ಕೊಟ್ಟ ವಿವರಣೆ. ಸಂಜೆಯೊಳಗೆ ಬಡಗಿ ಬಂದ.

ಇನ್ನು ಆ ಕಾರ್ಯಕ್ರಮದ ವಿಷಯ. ಇಂದಿನ ಓದುಗರಿಗೆ ಅದರ ಹಂದರವನ್ನು ತಿಳಿಸುವುದು ಅಗತ್ಯ. ಹೆಂಡತಿ ಬಾಯಿಬಡುಕಿ, ಗಂಡ ಸಿಡುಕ. ಆಕೆ ಮಾತಾಡುತ್ತ, ಮಾತಾಡುತ್ತ ಹೋದಂತೆ ಕೊನೆಗೆ ಆತ ತಾಳ್ಮೆ ಕಳೆದುಕೊಂಡು ಕೆನ್ನೆಗೊಂದು ಬಾರಿಸಬೇಕು. ಕ್ಯಾಮೆರಾದ ಆಚೆಗೆ ಶಬ್ದದ ಕೆಲಸದವರು ಎರಡು ಹಲಗೆಗಳನ್ನು ‘ಫಟಾರ್’ ಎಂದು ಬಡಿಯಬೇಕು, ಆಕೆ ಕುರ್ಚಿಯಲ್ಲಿ ಕುಸಿದು ಕಣ್ಣು ಮಿಟುಕಿಸಿ ನಗಬೇಕು, ಸಂಗೀತ, ಮುಕ್ತಾಯ. ಪ್ರತಿ ವಾರವೂ ಇದೇ. ಜನ ಆ ಏಟಿಗಾಗಿ ಕಾದು ಕೂರುತ್ತಿದ್ದರು. ಗಂಡನ ಪಾತ್ರದವರನ್ನು ನಾವು ‘ಯಜಮಾನರು’ ಎಂದೇ ಕರೆಯುತ್ತಿದ್ದೆವು. ಕೆಟ್ಟವರಲ್ಲ. ಬರೆದುಕೊಟ್ಟದ್ದನ್ನು ಆಡುವವರು, ಬರೆಯದೆ ಇದ್ದದ್ದರ ಗೊಡವೆಗೆ ಹೋಗದವರು. ಮಾತಿನಮಲ್ಲಿಯವರ ನಿಜಜೀವನದ ಪತಿ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದರು. ಮನೆಯಲ್ಲೂ ಹೀಗೆಯೇ ಏಟು ಹಾಕುತ್ತೀರಾ ಎಂದು ಯಾರೋ ಹಲ್ಲು ಕಿರಿದು ಕೇಳಿದಾಗ, “ಮನೇಲಿ ನಂಗೆ ಮಾತಾಡೋಕೇ ಸಂದು ಸಿಗಲ್ಲ, ಕೈ ಎತ್ತೋಕೆ ಎಲ್ಲಿಂದ ಸಿಗುತ್ತೆ?” ಎಂದು ನಕ್ಕವರು, ಆಮೇಲೆ ಆ ಮನುಷ್ಯನನ್ನು ಮನೆಯ ಹೊಸ್ತಿಲು ತುಳಿಯಲು ಬಿಡಲಿಲ್ಲ.

ಒಂದು ಬೆಳಿಗ್ಗೆ ನಾವಿಬ್ಬರೂ ಬಸ್ಸಿಗಾಗಿ ನಿಂತಿದ್ದೆವು. ಸಂತೋಷದಿಂದ ಗುರುತು ಹಿಡಿದು ಒಬ್ಬ ಹೆಂಗಸು ಬಳಿಗೆ ಬಂದಳು. ಕೆನ್ನೆಯ ಒಂದು ಬದಿ ಊದಿ ಕಪ್ಪಿಟ್ಟಿತ್ತು. “ನಿಮ್ಮ ಕಾರ್ಯಕ್ರಮ ಒಂದು ವಾರಾನೂ ತಪ್ಪಿಸಲ್ಲಮ್ಮ” ಎಂದಳು. ಕೆನ್ನೆಗೆ ಏನಾಯಿತೆಂದು ಇವರು ಕೇಳಿದಾಗ ನಾಚಿಕೊಂಡವಳಂತೆ ಮುಖ ತಿರುಗಿಸಿದಳು. “ನಮ್ಮನೆಯವರು ಕೂಡ ನೋಡ್ತಾರಲ್ಲ. ‘ನೋಡು, ಅವಳು ಏಟು ತಿಂದೂ ನಗ್ತಾಳೆ, ನೀನ್ಯಾಕೆ ಅಳ್ತೀಯ’ ಅಂತಾರೆ.” ಅಷ್ಟು ಹೇಳಿ, ತಾನೂ ನಗಲು ಪ್ರಯತ್ನಿಸಿದಳು. ಆ ಪ್ರಯತ್ನವನ್ನು ನಾನು ಇಂದಿಗೂ ಮರೆತಿಲ್ಲ. ಬಸ್ಸು ಬಂತು, ಹೋಯಿತು. ನಾವಿಬ್ಬರೂ ಅದನ್ನು ಹತ್ತಲಿಲ್ಲ.

ಅಂದೇ ಅವರು ನಿರ್ಮಾಪಕರನ್ನು ಕಂಡರು.

“ಏಟು ತೆಗೀರಿ” ಎಂದರು.

“ಏನಮ್ಮ, ಬರೀ ತಮಾಷೆ ಅದು. ಹಲಗೆ ಸದ್ದು. ನಿಮಗೇನು ಪೆಟ್ಟಾಗುತ್ತಾ?”

“ನಂಗಾಗಲ್ಲ. ನೋಡೋರಲ್ಲಿ ಯಾರಿಗೋ ಆಗ್ತಿದೆ.”

“ಜನ ನಗೋದೇ ಅಲ್ಲಿ. ಅದನ್ನ ತೆಗೆದ್ರೆ ಉಳಿಯೋದೇನು?”

“ನಾನು ಉಳೀತೀನಲ್ಲ” ಎಂದರು ಅವರು. “ನಗಿಸೋದು ನನ್ನ ಕೆಲಸ. ಬೇರೆ ಕಡೆಯಿಂದ ನಗು ತಂದುಕೊಡ್ತೀನಿ.”

ನಿರ್ಮಾಪಕರು ಒಪ್ಪಲಿಲ್ಲ. ಯಜಮಾನರು ಕೈಚೆಲ್ಲಿದರು: “ನಂದೇನಿದೆ? ಬರೆದದ್ದು ಮಾಡ್ತೀನಿ.” ಆ ವಾರವೂ ಸ್ಕ್ರಿಪ್ಟಿನ ಕೊನೆಯಲ್ಲಿ ಏಟು ಇದ್ದೇ ಇತ್ತು.

ಪ್ರಸಾರ ಶುರುವಾಯಿತು. ಗಂಡನ ಕನ್ನಡಕ ಕಳೆದುಹೋಗಿದೆ, ಹೆಂಡತಿ ಅದನ್ನು ಹುಡುಕುತ್ತ ಅವನ ವಂಶದವರೆಲ್ಲ ಕಳೆದುಕೊಂಡ ವಸ್ತುಗಳ ಚರಿತ್ರೆ ಹೇಳುತ್ತಿದ್ದಾಳೆ. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಯಜಮಾನರು ಸಿಡುಕಿ ಕೈ ಎತ್ತಿದರು. ಕೈ ಕೆಳಗಿಳಿಯುವ ಮೊದಲೇ ಮಾತಿನಮಲ್ಲಿಯವರು ಅದರ ಮಣಿಕಟ್ಟನ್ನು ಹಿಡಿದುಕೊಂಡರು. ಸ್ಕ್ರಿಪ್ಟಿನ ಮೇಲೆಯೇ ಕಣ್ಣಿಟ್ಟಿದ್ದ ಶಬ್ದದವರು ಎಂದಿನಂತೆ ಹಲಗೆ ಬಡಿದರು. ‘ಫಟಾರ್!’ ಏಟು ಬೀಳಲಿಲ್ಲ. ಸದ್ದು ಮಾತ್ರ ಬಿತ್ತು. ಅವರು ಕೈ ಬಿಡದೆ ಸುತ್ತ ನೋಡಿ, “ಯಾರ ಮನೆ ಬಾಗಿಲು ಹೊಡ್ಕೊಳ್ತು?” ಎಂದರು.

ಆಮೇಲೆ ಯಜಮಾನರ ಮುಖವನ್ನೇ ನೋಡುತ್ತ, ತೀರ ಸಹಜವಾದ ದನಿಯಲ್ಲಿ, “ಹೇಗೂ ಕೈ ಎತ್ತಿದ್ದೀರಿ, ಹಾಗೇ ಆ ಮೇಲಿನ ಡಬ್ಬಿ ಇಳಿಸಿಕೊಡಿ. ನಂಗೆ ಎಟುಕಲ್ಲ” ಎಂದರು.

ಯಜಮಾನರಿಗೆ ಬರೆದುಕೊಟ್ಟ ಮಾತು ಮುಗಿದಿತ್ತು. ಕೈ ಮೇಲೆಯೇ ಇತ್ತು. ಬೇರೆ ದಾರಿಯಿಲ್ಲದೆ ಅವರು ಡಬ್ಬಿ ಇಳಿಸಿದರು. “ಇಳಿಸಬೇಡಿ ಕೈಯನ್ನ, ಪಕ್ಕದಲ್ಲಿ ಜೇಡರ ಬಲೆ ಇದೆ. ಹಾಂ, ಇನ್ನು ಸ್ವಲ್ಪ ಎಡಕ್ಕೆ. ಮದುವೆಯಾದಾಗಿಂದ ಈ ಕೈ ಇಷ್ಟು ಉಪಯೋಗಕ್ಕೆ ಬಂದಿದ್ದು ಇವತ್ತೇ ನೋಡಿ.” ಕ್ಯಾಮೆರಾದವರ ಭುಜ ಕುಲುಕುತ್ತಿತ್ತು, ಚಿತ್ರವೂ ಕುಲುಕಿತು ಎಂದು ನೋಡಿದವರು ಆಮೇಲೆ ಹೇಳಿದರು. ಕೊನೆಗೆ ಸ್ವತಃ ಯಜಮಾನರೇ ತಡೆಯಲಾರದೆ ನಕ್ಕುಬಿಟ್ಟರು. ಅದು ನಟನೆಯ ನಗುವಲ್ಲ. ನಿರ್ಮಾಪಕರು ನಿಯಂತ್ರಣ ಕೋಣೆಯ ಗಾಜಿನ ಹಿಂದೆ ಎರಡೂ ಕೈ ಬೀಸುತ್ತಿದ್ದಂತೆ ಸಂಗೀತ ಬಂತು, ಕಾರ್ಯಕ್ರಮ ಮುಗಿಯಿತು.

ಮರುದಿನ ಕೇಂದ್ರದ ಮುಖ್ಯಸ್ಥರು ಮಾತಿನಮಲ್ಲಿಯವರನ್ನು ಕರೆಸಿದರು. ಸಾಕ್ಷಿಗಾಗಿ ನನ್ನನ್ನೂ ಕರೆಸಿದ್ದರಿಂದ ಆ ಸಂಭಾಷಣೆಯನ್ನು ನಾನು ಕಿವಿಯಾರೆ ಕೇಳಿದ್ದೇನೆ.

“ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಮುಂದಿನ ವಾರ ನೀವೇ ಇರ್ತೀರಿ” ಎಂದರು ಮುಖ್ಯಸ್ಥರು.

“ಮುಂದಿನ ವಾರ ಏಟು ಇರುತ್ತಾ?”

“ಇರುತ್ತೆ.”

“ಹಾಗಾದ್ರೆ ನಾನಿರಲ್ಲ.”

ಅಷ್ಟೇ. ಎದ್ದು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ದೂಡಿ, ಹೊರಗೆ ಬಂದರು. ಮೆಟ್ಟಿಲ ಮೇಲೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಧೈರ್ಯವಂತರಿಗೆ ಭಯವಿರುವುದಿಲ್ಲವೆಂದು ಬರೆಯುವವರು ಆ ಹಿಡಿತವನ್ನು ಕಂಡವರಲ್ಲ. ನಾನೂ ಬಿಟ್ಟುಬರುತ್ತೇನೆ ಎಂದೆ. “ನೀನು ಒಳಗೇ ಇರು” ಎಂದು ಗದರಿದರು. “ಇಬ್ಬರೂ ಹೊರಗೆ ನಿಂತ್ರೆ ಒಳಗಿಂದ ಚಿಲಕ ತೆಗೆಯೋರು ಯಾರು?”

ಅವರ ಜಾಗಕ್ಕೆ ಬೇರೊಬ್ಬರು ಬಂದರು, ಏಟು ಮುಂದುವರಿಯಿತು, ಕೆಲವು ತಿಂಗಳಲ್ಲಿ ಕಾರ್ಯಕ್ರಮವೇ ನಿಂತಿತು. ಜನರಿಗೆ ಬೇಕಾದದ್ದು ಏಟಲ್ಲ, ಮಾತಿನಮಲ್ಲಿ ಎಂಬುದನ್ನು ಒಪ್ಪಿಕೊಳ್ಳುವ ಬದಲು ಕೇಂದ್ರದವರು ಜನರ ಅಭಿರುಚಿ ಕೆಟ್ಟಿತು ಎಂದರು. ಮುಂದೆ ಹತ್ತು ವರ್ಷಕ್ಕೂ ಮೀರಿ ಅವರ ಮುಖ ತೆರೆಯ ಮೇಲೆ ಬರಲಿಲ್ಲ. ಅವರು ಮತ್ತೆ ಟೆಲಿಫೋನ್ ಕೇಂದ್ರದ ಪಾಳಿಗೆ ಹೋದರು. ಸಂಜೆ ಕಾರ್ಖಾನೆಯ ಊಟದ ಹಾಲಿನಲ್ಲಿ, ದಾದಿಯರ ವಸತಿಗೃಹದಲ್ಲಿ, ಕಾಲೇಜಿನ ವರಾಂಡದಲ್ಲಿ, ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲೆಲ್ಲ ಒಬ್ಬರೇ ನಿಂತು ನಗಿಸಿದರು. ರಂಗಸಜ್ಜಿಕೆಯೆಂದರೆ ಒಂದು ಎತ್ತರದ ಸ್ಟೂಲು, ಅದರ ಮೇಲೊಂದು ಡಬ್ಬಿ. ಚಿತ್ರಕಲೆಯ ಮೇಷ್ಟರು ಶಾಲೆ ಮುಗಿಸಿ ಬಂದು ಆ ಸ್ಟೂಲು ಹೊತ್ತು ಹಿಂದೆ ಹೋಗುತ್ತಿದ್ದರು.

ಅಂಥ ಒಂದು ಪ್ರದರ್ಶನಕ್ಕೆ ಯಜಮಾನರು ಬಂದರು. ಕೆಲಸ ಕಡಿಮೆಯಾಗಿ ಸೊರಗಿದ್ದರು. ಹಿಂದಿನ ಸಾಲಿನಲ್ಲಿ ಅಡಗಿದಂತೆ ಕುಳಿತಿದ್ದರೂ ಮಾತಿನಮಲ್ಲಿಯವರ ಕಣ್ಣಿಗೆ ಬಿದ್ದೇಬಿಟ್ಟರು. ಇವರು ಆಡುತ್ತಿದ್ದ ಮಾತನ್ನು ನಿಲ್ಲಿಸಿ, “ಬಂದ್ರಾ? ಬನ್ನಿ, ಡಬ್ಬಿ ಇನ್ನೂ ಮೇಲೇ ಇದೆ” ಎಂದರು. ಸಭೆ ನಕ್ಕಿತು. ಯಜಮಾನರು ಮುಂದೆ ಬಂದು, ಡಬ್ಬಿ ಇಳಿಸಿ, ಅವರ ಕೈಗಿತ್ತು, “ಬರೆಯದೇ ಇದ್ದದ್ದನ್ನೂ ಮಾಡ್ಬಹುದು ಅಂತ ನಂಗೆ ಗೊತ್ತಿರಲಿಲ್ಲಮ್ಮ” ಎಂದರು. ಅಂದಿನಿಂದ ತಮ್ಮ ಕೊನೆಗಾಲದವರೆಗೂ ಅವರು ಆ ಪ್ರದರ್ಶನಗಳಲ್ಲಿ ಪಾತ್ರಧಾರಿಯಾಗಿ ಉಳಿದರು.

ಕೇಂದ್ರಕ್ಕೆ ಹೊಸ ನಿರ್ಮಾಪಕಿಯೊಬ್ಬರು ಬಂದಾಗ ನಾನು ಅಲ್ಲಿಯ ಹಾಸ್ಯವಿಭಾಗದ ಬರಹಗಾರ್ತಿಯಾಗಿದ್ದೆ. ಒಳಗಿಂದ ಚಿಲಕ ತೆಗೆಯುವ ನನ್ನ ಸರದಿ ಬಂದಿತ್ತು, ಮಾತಿನಮಲ್ಲಿಯವರನ್ನು ಕರೆಸಿ ಎಂದೆ. ಅವರು ಒಂದೇ ಷರತ್ತು ಹಾಕಿ ಮರಳಿದರು: ತಮ್ಮ ಕಾರ್ಯಕ್ರಮದಲ್ಲಿ ಯಾರೂ ಯಾರಿಗೂ ಹೊಡೆಯುವಂತಿಲ್ಲ. ಆ ಷರತ್ತಿನಡಿಯಲ್ಲಿ ಅವರು ವರ್ಷಗಟ್ಟಲೆ ನಗಿಸಿದ್ದು, ಮುಂದೆ ನಟನಾ ಶಾಲೆ ಕಟ್ಟಿದ್ದು, ಇಂದು ತೆರೆಯ ಮೇಲಿರುವ ಹಾಸ್ಯನಟಿಯರಲ್ಲಿ ಅರ್ಧದಷ್ಟು ಮಂದಿ ಅಲ್ಲಿ ಕಲಿತವರೆಂಬುದು, ಇದೇ ಸಂಪುಟದ ಬೇರೆ ಲೇಖನಗಳಲ್ಲಿ ವಿವರವಾಗಿ ಬಂದಿದೆ.

ಇತ್ತೀಚೆಗೆ ಒಬ್ಬ ಸಂಶೋಧಕರು ಆ ಪ್ರಸಾರ ನಡೆದೇ ಇಲ್ಲವೇನೋ, ಅದು ಅಭಿಮಾನಿಗಳು ಕಟ್ಟಿದ ಕತೆಯಿರಬಹುದು, ಅದರ ಟೇಪು ಎಲ್ಲಿಯೂ ಇಲ್ಲ ಎಂದು ಬರೆದಿದ್ದಾರೆ. ಟೇಪು ಇಲ್ಲ, ನಿಜ. ನೇರಪ್ರಸಾರವನ್ನು ಆ ಕಾಲದಲ್ಲಿ ಯಾರೂ ಉಳಿಸಿಡುತ್ತಿರಲಿಲ್ಲ. ಆದರೆ ಕಿಟಕಿಯ ಹಿಂದೆ ನಾನಿದ್ದೆ. ನೋಡಿದ್ದೇನೆ, ಬರೆದಿದ್ದೇನೆ, ಹೆಸರು ಹಾಕಿ ಕೊಡುತ್ತಿದ್ದೇನೆ. ಅಲ್ಲಗಳೆಯಬೇಕೆನ್ನುವವರು ನನ್ನೆದುರು ಬಂದು ಅಲ್ಲಗಳೆಯಲಿ.

ಈ ಲೇಖನಕ್ಕೆ ಕೂರುವ ಮೊದಲು, ಏನು ಬರೆಯಲಿ ಎಂದು ಮಾತಿನಮಲ್ಲಿಯವರನ್ನೇ ಕೇಳಿದ್ದೆ. “ಒಳ್ಳೆಯವಳು, ತ್ಯಾಗಮಯಿ ಅಂತೆಲ್ಲ ಬರೆದು ನನ್ನ ಮುಗಿಸಬೇಡ” ಎಂದರು. “ಚೆನ್ನಾಗಿ ನಗಿಸ್ತಾಳೆ ಅಂತ ಬರಿ. ‘ನಗಿಸ್ತಿದ್ದಳು’ ಅಂತ ಬರೆದ್ರೆ ನೋಡು!”

ಆದ್ದರಿಂದ ವರ್ತಮಾನಕಾಲದಲ್ಲಿಯೇ ಬರೆಯುತ್ತೇನೆ: ಅವರು ನಗಿಸುತ್ತಾರೆ. ಅವರಿಗೆ ದೀರ್ಘಾಯುಸ್ಸು, ಆರೋಗ್ಯ, ದಣಿಯದ ನಾಲಗೆ ಇವೆಲ್ಲ ಇರಲಿ. ಸುಮ್ಮನಿರು ಎಂದು ಅವರಿಗೆ ಹೇಳಿದವರೆಲ್ಲರಿಗೂ ಅಷ್ಟೇ ದೀರ್ಘವಾದ ಆಯುಸ್ಸು ಸಿಗಲಿ. ಮಾತಿನಮಲ್ಲಿಯ ಮಾತನ್ನು ಕೊನೆಯವರೆಗೂ ಕೇಳಿಸಿಕೊಳ್ಳುವುದು ಆ ಮಂದಿಗೆ ತಪ್ಪದಿರಲಿ.