ಟೀಚರಿಗೆ ಹೇಳಿದ ಸುಳ್ಳು

ನನ್ನ ಮೊಮ್ಮಗಳಿಗೆ ಡಾಕ್ಟರ್ ಸೀಟು ಸಿಕ್ಕಿದೆ. ನಮ್ಮೂರು ನಾವುಂದದಲ್ಲಿ ನಾನು ಹೋಗಿ ಹೇಳದ ಮನೆ ಇಲ್ಲ. ಹೇಳುವಾಗೆಲ್ಲ ಆ ಟೀಚರ್ ನೆನಪಾಗಿ ತಲೆ ತಗ್ಗುತ್ತದೆ.

ಕೋಟೇಶ್ವರದವರು, ಸಣ್ಣ ಪ್ರಾಯ. ಫೋನಿನಲ್ಲೇ ನೀಟ್ ಪಾಠ ಶುರು ಮಾಡುತ್ತೇನೆ ಅಂತ ಮನೆ ಮನೆಗೆ ಬಂದಿದ್ದರು. ಮಾತಾಡುವಾಗ ವೇಲಿನ ತುದಿಯಿಂದ ಕನ್ನಡಕ ಒರೆಸುತ್ತಲೇ ಇರುವುದು, ಯಾರು ಏನೆಂದರೂ "ಅಡ್ಡಿಲ್ಲೆ" ಅನ್ನುವುದು. ಮೊಮ್ಮಗಳು ಫೋನ್ ಹಿಡಿದರೆ ಅದರಲ್ಲಿ ನಾನು ನೋಡುವ ಧಾರಾವಾಹಿ ತಪ್ಪುತ್ತದಲ್ಲ, "ನಮ್ಮನಿಯಗೆ ಫೋನ್ ಇಲ್ಲೆ" ಅಂದುಬಿಟ್ಟೆ. ಅಷ್ಟೊತ್ತಿಗೇ ಒಳಗಿಂದ ಫೋನಿನಲ್ಲಿ ಧಾರಾವಾಹಿಯ ಹಾಡು ಕೇಳಿತು.

"ಅಡ್ಡಿಲ್ಲೆ ಅಮ್ಮಾ" ಅಂದವರು ಮರುದಿನ ತಮ್ಮ ಹಳೇ ಫೋನ್ ತಂದು ಮೊಮ್ಮಗಳ ಕೈಗೆ ಕೊಟ್ಟರು. ಎರಡು ವರ್ಷ ಅವಳು ಅದರಲ್ಲೇ ಓದಿದಳು, ನಾನು ನನ್ನ ಫೋನಿನಲ್ಲಿ ಧಾರಾವಾಹಿ ನೋಡಿದೆ.

ಮೊನ್ನೆ ತಪ್ಪು ಒಪ್ಪಿಕೊಂಡುಬಿಡುವ ಅಂತ ಪೇಡೆ ಹಿಡಿದು ಅವರ ಮನೆಗೆ ಹೋದೆ. ಪಾಠ ನಡೆಯುತ್ತಿತ್ತು. ಹೆಗಲು ಹಿಡಿದು ನನ್ನನ್ನೂ ಫೋನಿನ ಎದುರು ಕೂರಿಸಿಕೊಂಡರು. ಸಣ್ಣ ಸಣ್ಣ ಚೌಕದಲ್ಲಿ ಎಷ್ಟೊಂದು ಮಕ್ಕಳು.

"ಮಕ್ಳೇ, ಇವ್ರ್ ಓದ್ಸಿದ್ದಕ್ಕೇ ಮೊಮ್ಮಗಳಿಗೆ ಸೀಟ್ ಸಿಕ್ಕಿದ್ದ್" ಅಂದರು.

ಒಂದು ಹುಡುಗಿ ಕೇಳಿತು: "ನಮ್ಮಜ್ಜಿ ಫೋನ್ ಹಿಡ್ದ್ರೆ ಬೈತ್ರ್. ನೀವ್ ಖುಷಿಯಗೇ ಕೊಟ್ರಿಯಾ ಅಜ್ಜಿ?"

ಟೀಚರ್ ಮುಖ ನೋಡಲು ಧೈರ್ಯ ಬರಲಿಲ್ಲ.

"ಹೌದ್ ಮಗಾ" ಅಂದೆ.