ಗುರುಶಾಂತಪ್ಪನ ಹತ್ತು ಗಜ

ಡ್ಯಾನ್‌ವಿಲ್‌ನ ಗುರುಶಾಂತಪ್ಪ ವಾರದ ಐದು ದಿನ ವಾಲ್ನಟ್ ಕ್ರೀಕಿನ ಆಫೀಸಿನಲ್ಲಿ ಕೂತು ಸೇತುವೆಗಳ ನಕ್ಷೆ ತಿದ್ದುತ್ತಿದ್ದ. ಶುಕ್ರವಾರ ಸಂಜೆಯಾದರೆ ಚರ್ಮದ ಪ್ಯಾಂಟು ಏರಿಸಿ, ಎಡಗಾಲಿಗೆ ಕಬ್ಬಿಣದ ಅಟ್ಟೆ ಕಟ್ಟಿಕೊಂಡು, ಬ್ರೇಕೇ ಇಲ್ಲದ ಮೋಟರ್‌ಸೈಕಲ್ಲು ಹತ್ತಿ ಮಣ್ಣಿನ ಟ್ರ್ಯಾಕಿನಲ್ಲಿ ಗಿರಗಿರ ಸುತ್ತುತ್ತಿದ್ದ. ಸ್ಪೀಡ್‌ವೇ ಎಂದು ಅದರ ಹೆಸರು. ನಾಲ್ಕು ಜನ, ನಾಲ್ಕು ಸುತ್ತು, ಒಂದೇ ನಿಮಿಷದಲ್ಲಿ ಆಟ ಮುಗಿಯುತ್ತದೆ. ಹುಬ್ಬಳ್ಳಿಯಲ್ಲಿ ಅಪ್ಪನ ಜಾವಾ ಕದ್ದು ಓಡಿಸಿ ಬೆಳೆದವನು. ೧೯೮೨ರಲ್ಲಿ ಇಲ್ಲಿನ ಟ್ರ್ಯಾಕಿನ ಬೈಕೊಂದರ ಟ್ಯಾಂಕಿನ ಮೇಲೆ ಅದೇ ಜಾವಾ ಹೆಸರು ಕಂಡದ್ದೇ ತಡ, ಮರುಳಾಗಿಬಿಟ್ಟ.

ಮರುಳಾದ ಮಾತ್ರಕ್ಕೆ ವಿದ್ಯೆ ಬರುತ್ತದೆಯೇ? ಮೊದಲ ವರ್ಷ ಅವನು ಬೈಕಿನ ಮೇಲಿದ್ದದ್ದಕ್ಕಿಂತ ಮಣ್ಣಿನ ಮೇಲಿದ್ದದ್ದೇ ಹೆಚ್ಚು.

ಸರಟೋಗಾದ ಶೇಷಾದ್ರಿಯವರು ಕನ್ನಡ ಸಂಘದ ಅಧ್ಯಕ್ಷರು. ಎಂದೋ ಮೈಸೂರಿನಲ್ಲಿ ಬಂದ ಮೂರನೇ ರ‍್ಯಾಂಕನ್ನು ಇನ್ನೂ ಎದೆಯ ಮೇಲೆ ಹೊತ್ತು ತಿರುಗುವವರು. ಸುದ್ದಿ ತಿಳಿದಾಗ ಅವರು ಮೂಗು ಮುರಿದರು. "ಯಾವಾಗ್ಲೂ ಎಡಕ್ಕೇ ಸುತ್ತೋದಂತಲ್ರೀ! ಅಪ್ರದಕ್ಷಿಣೆ ಅದು, ಒಳ್ಳೇದಲ್ಲ." ಆದರೂ ಒಂದು ಶುಕ್ರವಾರ ನೋಡಲು ಬಂದರು. ನೋಡುತ್ತಾರೆ, ನಮ್ಮ ಗುರುಶಾಂತಪ್ಪ ಎಲ್ಲರಿಗಿಂತ ಮುಂದೆ, ಓಟ ಶುರುವಾಗುವ ಕಡೆ ಅಡ್ಡ ಕಟ್ಟಿದ ದಾರದ ಹತ್ತಿರವೇ ನಿಂತಿದ್ದಾನೆ. ಮೂವರು ಬಿಳಿಯರು ಅವನ ಬೆನ್ನ ಹಿಂದೆ! ಅಪ್ರದಕ್ಷಿಣೆ ಅಲ್ಲಿಗೇ ಮಾಫಾಯಿತು.

ಅಸಲು ಸಂಗತಿ ಬೇರೆ. ಈ ಪಂದ್ಯಗಳಲ್ಲಿ ಗಟ್ಟಿಗನಾದಷ್ಟೂ ಹಿಂದೆ ನಿಲ್ಲಿಸುತ್ತಾರೆ. ಹತ್ತು ಗಜ, ಇಪ್ಪತ್ತು ಗಜ, ಹುಲಿಯಾದರೆ ಐವತ್ತು. ಮುಂದಿನ ಗೆರೆ ಕಲಿಯುವವರಿಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆದರೆ ಸಂಘದ ಪತ್ರಿಕೆಯಲ್ಲಿ 'ಕನ್ನಡಿಗನಿಗೆ ಅಗ್ರಸ್ಥಾನ' ಎಂದು ಅಚ್ಚಾಯಿತು. ಗುರುಶಾಂತಪ್ಪ ತಿದ್ದಲಿಲ್ಲ. ಇಂದು ಎಂಬ ಅವನ ಹೆಂಡತಿ ಆ ಹಾಳೆಯನ್ನು ಮೈಸೂರಿನ ತವರಿಗೆ ಕಳಿಸಿದಳು, ಆಗಲೂ ತಿದ್ದಲಿಲ್ಲ. ಹೊಗಳಿಕೆಗೆ ಯಾರಪ್ಪನ ಗಂಟು ಹೋಗಬೇಕು?

ಒಳಗೊಳಗೇ ಅವನಿಗೆ ಇದ್ದ ಆಸೆ ಒಂದೇ. ಆ ಹತ್ತು ಗಜ ಹಿಂದೆ ನಿಲ್ಲಬೇಕು. ಅದಕ್ಕಾಗಿ ಐದು ವರ್ಷ ಬಿದ್ದ, ಕಾಲರ್‌ಬೋನು ಮುರಿದುಕೊಂಡ, ಎದ್ದ. ೧೯೮೭ರ ಬೇಸಿಗೆಯಲ್ಲಿ ಟ್ರ್ಯಾಕಿನ ಯಜಮಾನ ಅವನ ಹೆಗಲು ತಟ್ಟಿ, "ಮುಂದಿನ ವಾರ ಹತ್ತು ಗಜ ಹಿಂದೆ ನಿಲ್ಲು" ಅಂದ. ಗುರುಶಾಂತಪ್ಪ ಫ್ರೀವೇ ಉದ್ದಕ್ಕೂ ಹಾಡಿಕೊಂಡು ಮನೆಗೆ ಬಂದ.

"ಇಂದೂ, ನನ್ನ ಹತ್ತು ಗಜ ಹಿಂದ ಹಾಕ್ಯಾರ!"

ಇಂದುವಿನ ಮುಖ ಬಾಡಿತು. "ಅಯ್ಯೋ, ಹಿಂದಕ್ಕಾ? ಏನ್ ತಪ್ಪು ಮಾಡಿದ್ರಿ?"

ಈಗ ನಿಜ ಹೇಳಬೇಕೆಂದರೆ ಐದು ವರ್ಷ ತಿಂದ ಹೊಗಳಿಕೆಯನ್ನೆಲ್ಲ ಕಕ್ಕಬೇಕು. ಪುಣ್ಯಾತ್ಮ ಬಾಯಿ ಮುಚ್ಚಿಕೊಂಡ. ಅವನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಇಂದು ಅಳುತ್ತಾ ಶೇಷಾದ್ರಿಯವರಿಗೆ ಫೋನು ಮಾಡಿದಳು.

ಶೇಷಾದ್ರಿಯವರು ಕೆಂಡವಾದರು. ಅವರೇ ಕೆಲಸ ಕಲಿಸಿದ ಹುಡುಗನನ್ನು ಆಫೀಸಿನಲ್ಲಿ ಅವರ ತಲೆಯ ಮೇಲೆ ಮ್ಯಾನೇಜರು ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಅಲ್ಲಿ ತುಟಿ ಪಿಟಕ್ಕೆನ್ನದವರು ಇಲ್ಲಿ ಗುಡುಗಿದರು. "ಇದು ಡಿಸ್ಕ್ರಿಮಿನೇಷನ್ನು! ನಮ್ಮೋನು ಮುಂದೆ ನಿಂತರೆ ಇವ್ರಿಗೆ ಹೊಟ್ಟೆ ಉರಿ!" ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಆ ಶುಕ್ರವಾರ ಮೂರು ವ್ಯಾನು ತುಂಬ ಕನ್ನಡಿಗರು ಪುಳಿಯೋಗರೆ ಕಟ್ಟಿಕೊಂಡು ಬಂದಿಳಿದರು. ಗುರುಶಾಂತಪ್ಪ ಹೆಲ್ಮೆಟ್ಟು ಹಾಕುವಷ್ಟರಲ್ಲಿ ಶೇಷಾದ್ರಿಯವರು ಯಜಮಾನನ ಮುಂದೆ ಬೆರಳು ಅಲ್ಲಾಡಿಸುತ್ತಾ ಲಾಯರು, ಕೋರ್ಟು, ಪೇಪರು ಎಂದೆಲ್ಲ ಹೇಳಿ ಮುಗಿಸಿದ್ದರು. ಯಜಮಾನ ಮೊದಲು ನಕ್ಕ, ಆಮೇಲೆ ಹೆದರಿದ, ಕೊನೆಗೆ ಮುಂದಿನ ಗೆರೆ ತೋರಿಸಿದ.

ಹತ್ತು ಗಜದಷ್ಟು ಕಲಿತವನನ್ನು ಕಲಿಯುವವರ ಗೆರೆಯಲ್ಲಿ ನಿಲ್ಲಿಸಿದರೆ ಗೆಲ್ಲದೆ ಏನು ಮಾಡುತ್ತಾನೆ? ಗುರುಶಾಂತಪ್ಪ ಗೆದ್ದ, ಜನ್ಮದಲ್ಲಿ ಮೊದಲ ಸಲ. ಉಳಿದ ಮೂವರೂ ಕೈ ಕುಲುಕದೆ ಹೋದರು. ಅವನು ಯಜಮಾನನ ಬಳಿಗೆ ಓಡಿ, ದಯವಿಟ್ಟು ಹಿಂದೆ ಹಾಕು ಎಂದು ಬೇಡಿಕೊಂಡ.

"ನಿನ್ನ ಜನ ಲಾಯರ್ ಅಂದರು," ಎಂದ ಯಜಮಾನ. "ಇಲ್ಲಿರುವಷ್ಟು ದಿನ ನಿನ್ನ ಜಾಗ ಮುಂದೆಯೇ."

ಆ ವಾರವೇ ಗುರುಶಾಂತಪ್ಪ ಬೈಕು ಮಾರಿದ. ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ಕರುಳೂ ಚುರಕ್ಕೆನ್ನುತ್ತದೆ.

ನವೆಂಬರಿನ ರಾಜ್ಯೋತ್ಸವಕ್ಕೆ ಸನ್ಮಾನ ಇಟ್ಟರು. ಶಾಲು, ಹಾರ, ಹಣ್ಣಿನ ಬುಟ್ಟಿ, ಶೇಷಾದ್ರಿಯವರ ರ‍್ಯಾಂಕಿನ ಸಮೇತ ಭಾಷಣ. ಗುರುಶಾಂತಪ್ಪ ಮೈಕು ಹಿಡಿದ. ನಿಜ ಹೇಳಿಬಿಡುವ ನಿರ್ಧಾರ ಮಾಡಿಕೊಂಡೇ ಬಂದಿದ್ದ.

"ಈ ಶಾಲಿಗೆ ನಾ ಲಾಯಕ್ ಅಲ್ರೀ. ಮುಂದ ನಿಂದರ್ಸೋದು ಕಲಿಯವ್ರನ್ನ. ನಾ ಐದು ವರ್ಷ ಕಲಿಯವ್ರ ಜಾಗಾದಾಗ ನಿಂತಿದ್ದೆ. ಹಿಂದ ಹಾಕಿದ್ದೇ ನನಗ ಸಿಕ್ಕಿದ್ದ ಮರ್ಯಾದಿ. ನೀವು ಬಂದು ಅದನ್ನ ಕಳದ್ರಿ."

ನಮ್ಮ ಸಭೆಗಳಲ್ಲಿ ಶಾಲು ಹೊದ್ದವರೆಲ್ಲ ನಾನು ಅರ್ಹನಲ್ಲ ಎಂದೇ ಶುರುಮಾಡುವುದು. ಅದಾದ ಮೇಲೆ ಕೇಳುವವರು ಯಾರು? ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶೇಷಾದ್ರಿಯವರು ಕಣ್ಣೊರೆಸಿಕೊಂಡು, "ಏನ್ ವಿನಯಾರೀ! ಇನ್ನೂ ಕಲೀತಾ ಇದೀನಿ ಅಂತಾನೆ!" ಅಂದರು.

ವಾಪಸು ಬರುವಾಗ ಕಾರಿನಲ್ಲಿ ಇಂದು ಅವನ ಕಡೆ ತಿರುಗಿದಳು. ಆ ಸಭೆಯಲ್ಲಿ ಅವಳೊಬ್ಬಳೇ ಕೊನೆಯತನಕ ಕೇಳಿಸಿಕೊಂಡಿದ್ದಳು.

"ನೀವು ಹೇಳಿದ್ದು ನಿಜಾನಾ?"

"ಖರೇ."

ಅವಳು ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು.

"ಆಯ್ತು ಬಿಡಿ. ಯಾರಿಗೂ ಹೇಳ್ಬೇಡಿ."